ಬಾದಾಮಿಯ ವಸ್ತುಸಂಗ್ರಹಾಲಯ: ಕಲ್ಲಿನ ಊರು ಹುಡುಕುತ್ತ ನೋಡುವವರಿಗೆ ಸಮಗ್ರ ಮಾರ್ಗದರ್ಶಿ

ಬಾದಾಮಿಗೆ ಬಂದವರಲ್ಲಿ ಹೆಚ್ಚಿನವರು ನಾಲ್ಕು ಗುಹೆ ಹತ್ತಿ ಇಳಿದು, ಅಗಸ್ತ್ಯತೀರ್ಥ ಕೆರೆಯ ದಂಡೆಯಲ್ಲಿ ಫೋಟೊ ತೆಗೆಸಿಕೊಂಡು, ಬನಶಂಕರಿಗೆ ಹೋಗಿ ರೊಟ್ಟಿ ಉಂಡು ಊರಿಗೆ ಮರಳುತ್ತಾರೆ. ಕೆರೆಯ ಆಚೆ, ಬಾವನ್‌ಬಂಡೆ ಕೋಟೆಯ ಬುಡದಲ್ಲಿರುವ ಪುರಾತತ್ತ್ವ ವಸ್ತುಸಂಗ್ರಹಾಲಯ ನೋಡದೆಯೇ ಉಳಿಯುತ್ತದೆ. ಒಳಗೆ ಹೋದವರೂ ಹತ್ತು ನಿಮಿಷಕ್ಕೆ ಹೊರಬೀಳುತ್ತಾರೆ. ಕಾರಣ ಸರಳ: ಅಲ್ಲಿರುವ ಪ್ರತಿ ಕಲ್ಲೂ ಇನ್ನೆಲ್ಲೋ ಒಂದು ಗುಡಿಯ ಗೋಡೆಯಲ್ಲಿ, ಊರ ಬಾಗಿಲಲ್ಲಿ, ಹೊಲದ ಬದುವಿನಲ್ಲಿ ನಿಂತಿದ್ದದ್ದು. ಆ ಜಾಗ ಗೊತ್ತಿಲ್ಲದೆ ನೋಡಿದರೆ ಸಾಲಾಗಿ ನಿಲ್ಲಿಸಿದ ಮುರುಕಲ್ಲುಗಳಷ್ಟೇ ಕಾಣುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯುದ್ದಕ್ಕೂ ಒಂದೇ ಕೆಲಸ ಹೇಳುತ್ತೇವೆ: ಪ್ರತಿ ಕಲ್ಲಿನ ಮುಂದೆ ನಿಂತು ಅದು ಎಲ್ಲಿಂದ ಬಂತು, ಅಲ್ಲಿ ಏನು ಮಾಡುತ್ತಿತ್ತು ಎಂದು ಕೇಳಿಕೊಳ್ಳಿ. ಹೊರಬಂದ ಮೇಲೆ ಎದುರಿನ ಗುಡ್ಡದಲ್ಲಿ ಅದರ ಒಡಹುಟ್ಟಿದ ಕಲ್ಲನ್ನು ಹುಡುಕಿ.

ಮೊದಲು ದಿನ ಗೊತ್ತುಮಾಡಿಕೊಳ್ಳಿ

ಶುಕ್ರವಾರ ವಸ್ತುಸಂಗ್ರಹಾಲಯಕ್ಕೆ ರಜೆ. ಹೆಚ್ಚು ಜನ ಎಡವುವುದು ಇಲ್ಲೇ. ಬನಶಂಕರಿ ದೇವಿಗೆ ಶುಕ್ರವಾರ ಒಳ್ಳೆಯದೆಂದು ಅದೇ ದಿನ ಹೊರಟು ಬರುತ್ತಾರೆ. ಗುಹೆಗಳು ತೆರೆದಿರುತ್ತವೆ, ಇದರ ಬಾಗಿಲು ಮುಚ್ಚಿರುತ್ತದೆ. ಉಳಿದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ. ಟಿಕೆಟ್ 5 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಗುಹೆಗಳ ಟಿಕೆಟ್ ಬೇರೆ, ಒಂದರ ಚೀಟಿ ಇನ್ನೊಂದಕ್ಕೆ ನಡೆಯುವುದಿಲ್ಲ. ದರ ಆಗಾಗ ಬದಲಾಗುವುದರಿಂದ ಬಾಗಿಲ ಬಳಿಯ ಹಲಗೆಯನ್ನೇ ನಂಬಿ. ಚಿಲ್ಲರೆ ಇಟ್ಟುಕೊಂಡೇ ಬನ್ನಿ. ಗುಡ್ಡದ ಕೊರಕಲಿನಲ್ಲಿ ಮೊಬೈಲ್ ಸಿಗ್ನಲ್ ಕೈಕೊಟ್ಟರೆ ಫೋನಿನಿಂದ ಹಣ ಕಳಿಸಲು ಆಗುವುದಿಲ್ಲ.

ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಹವೆ ಹಿತ. ಜನವರಿಯ ಆಸುಪಾಸಿನಲ್ಲಿ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ನಡೆಯುತ್ತದೆ. ಆಗ ಬಸ್ಸು, ಟಂಟಂ (ಹಂಚಿಕೊಂಡು ಹೋಗುವ ಆಟೊ), ವಸತಿ ಎಲ್ಲವೂ ತುಂಬಿರುತ್ತವೆ. ಜಾತ್ರೆಯನ್ನೂ ನೋಡಬೇಕೆಂದಿದ್ದರೆ ವಸ್ತುಸಂಗ್ರಹಾಲಯಕ್ಕೆ ಬೇರೆ ದಿನವೇ ಇಡಿ. ಏಪ್ರಿಲ್-ಮೇಯಲ್ಲಿ ಮರಳುಗಲ್ಲಿನ ಗುಡ್ಡ ಹತ್ತು ಗಂಟೆಗೇ ಕಾಯುತ್ತದೆ.

ಚಳಿಗಾಲದಲ್ಲಿ ಈ ಕ್ರಮ ಹಿಡಿಯಿರಿ: 9ಕ್ಕೆ ವಸ್ತುಸಂಗ್ರಹಾಲಯ, ಅಲ್ಲಿ ಒಂದೂವರೆ ತಾಸು. ಅಲ್ಲಿಂದಲೇ ಕೋಟೆ ಹತ್ತಿ ಮಧ್ಯಾಹ್ನದೊಳಗೆ ಇಳಿಯಿರಿ. ಊಟ ಮುಗಿಸಿ ಗುಹೆಗಳು, ಸಂಜೆ ಕೆರೆಯ ದಂಡೆಯ ಭೂತನಾಥ ಗುಡಿ. ಬೇಸಿಗೆಯಲ್ಲಿ ಇದನ್ನು ತಿರುವುಮುರುವು ಮಾಡಿ: ಬೆಳಗಿನ ತಂಪಿನಲ್ಲಿ ಹತ್ತುವ ಕೆಲಸ ಮುಗಿಸಿ, ಬಿಸಿಲು ನೆತ್ತಿಗೆ ಬಂದಾಗ ವಸ್ತುಸಂಗ್ರಹಾಲಯದ ನೆರಳಿಗೆ ಬನ್ನಿ. ನಡು ಮಧ್ಯಾಹ್ನದಲ್ಲಿ ಅಂಗಳದ ಶಾಸನಗಳ ಅಕ್ಷರ ಸರಿಯಾಗಿ ಕಾಣುವುದಿಲ್ಲ, ಅದು ಬೇಸಿಗೆಯ ಕ್ರಮದ ಒಂದು ನಷ್ಟ.

ತಲುಪುವುದು

ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ರೈಲಿದೆ. ಬಾದಾಮಿ ಸ್ಟೇಷನ್ ಊರಿನಿಂದ ಸುಮಾರು 5 ಕಿ.ಮೀ. ಹೊರಗಿದೆ, ಅಲ್ಲಿಂದ ಟಂಟಂ ಸಿಗುತ್ತದೆ. ಬೆಳಗಾವಿಯಿಂದ ರಸ್ತೆಯಲ್ಲಿ ಸುಮಾರು 150 ಕಿ.ಮೀ. ಆಗುವುದರಿಂದ ಹಿಂದಿನ ರಾತ್ರಿ ಬಾದಾಮಿಯಲ್ಲೇ ತಂಗುವುದು ಜಾಣತನ. ಬಸ್ ಸ್ಟ್ಯಾಂಡಿನಿಂದ ವಸ್ತುಸಂಗ್ರಹಾಲಯಕ್ಕೆ ನಡೆದೇ ಹೋಗಬಹುದು. ದಾರಿ ಹಳೆಯ ಓಣಿಗಳ ನಡುವೆ ಸಾಗುತ್ತದೆ, ದೊಡ್ಡ ಗಾಡಿಗೆ ಇಕ್ಕಟ್ಟು. ಬರೀ ‘ಮ್ಯೂಸಿಯಂ’ ಎಂದು ಕೇಳಿ ಸಾಕು, ಯಾರಾದರೂ ತೋರಿಸುತ್ತಾರೆ. ಆಟೊದವರಿಗೆ ‘ಬಾದಾಮಿ ನೋಡಬೇಕು’ ಎಂದಷ್ಟೇ ಹೇಳಿದರೆ ನೇರ ಗುಹೆಗಳ ಮುಂದೆ ಇಳಿಸುತ್ತಾರೆ. ಅದು ಕೆರೆಯ ದಕ್ಷಿಣ ಬದಿ, ವಸ್ತುಸಂಗ್ರಹಾಲಯ ಇರುವುದು ಉತ್ತರ ಬದಿ.

ಚೀಲದಲ್ಲಿ ಇಷ್ಟಿರಲಿ: ತಲಾ ಒಂದೂವರೆ ಲೀಟರ್ ನೀರು, ಸಣ್ಣ ನೋಟ್‌ಬುಕ್, ಪೆನ್ಸಿಲ್, ಟೊಪ್ಪಿಗೆ, ಹಿಡಿತವಿರುವ ಚಪ್ಪಲಿ ಅಥವಾ ಬೂಟು. ತಿನ್ನುವ ಪದಾರ್ಥ ಕೈಯಲ್ಲಿ ಕಾಣುವಂತೆ ಬೇಡ, ಪ್ಲಾಸ್ಟಿಕ್ ಚೀಲವಂತೂ ಬೇಡವೇ ಬೇಡ. ಇಲ್ಲಿನ ಮಂಗಗಳಿಗೆ ಚೀಲದ ಸದ್ದು ಕೇಳಿದರೆ ಸಾಕು, ಒಳಗೆ ಏನಿದೆ ಎಂದು ನೋಡುವ ಮೊದಲೇ ಕಸಿಯುತ್ತವೆ. ಕಸಿದರೆ ಬಿಟ್ಟುಬಿಡಿ; ಎಳೆದಾಡಿದರೆ ಕಚ್ಚುತ್ತವೆ. ಒಳಗೆ ಫೋಟೊ ತೆಗೆಯುವ ಮುನ್ನ ಸಿಬ್ಬಂದಿಯನ್ನು ಕೇಳಿ, ಫ್ಲ್ಯಾಶ್ ಹಾಕಬೇಡಿ.

ಅಂಗಳದಿಂದ ಶುರುಮಾಡಿ

ಟಿಕೆಟ್ ಪಡೆದ ಕೂಡಲೇ ಒಳಗೆ ನುಗ್ಗಬೇಡಿ. ಅಂಗಳ ಮತ್ತು ಪಡಸಾಲೆಯಲ್ಲಿ ವೀರಗಲ್ಲು, ಶಾಸನ, ದ್ವಾರಪಾಲಕ, ಮೂರ್ತಿಗಳ ಪೀಠ ಇವೆಲ್ಲ ಇವೆ. ಬೆಳಗಿನ ಓರೆ ಬಿಸಿಲು ಇರುವಾಗಲೇ ಇವನ್ನು ನೋಡಿಕೊಂಡರೆ ಒಳಗಿನ ನಾಲ್ಕು ಕೋಣೆಗಳು ತಾವಾಗಿಯೇ ಅರ್ಥವಾಗತೊಡಗುತ್ತವೆ. 1979ರಲ್ಲಿ ಇದು ಬಾದಾಮಿ ಸುತ್ತಮುತ್ತ ಸಿಕ್ಕ ಶಿಲ್ಪಗಳನ್ನು ಕಾಪಿಡುವ ಶೆಡ್ ಆಗಿ ಆರಂಭವಾಯಿತು. 1982ರಲ್ಲಿ ಪೂರ್ಣ ವಸ್ತುಸಂಗ್ರಹಾಲಯವಾಯಿತು. ಹೆಚ್ಚಿನ ಕಲ್ಲುಗಳು 6ರಿಂದ 16ನೆಯ ಶತಮಾನದವು. ಅಂದರೆ ಸಾವಿರ ವರ್ಷದ ಕಲ್ಲುಗಳು ಒಂದೇ ಅಂಗಳದಲ್ಲಿ ಪಕ್ಕಪಕ್ಕ ನಿಂತಿವೆ. ಹಾಗಾಗಿ ಮೊದಲ ಕೆಲಸ ಅವನ್ನು ಕಾಲದ ಪ್ರಕಾರ ಬೇರ್ಪಡಿಸುವುದು.

1. ಕಲ್ಲಿನ ಬಣ್ಣ ನೋಡಿ. ಕೆಂಪು, ಹಳದಿಗೆಂಪು ಮರಳುಗಲ್ಲಾದರೆ ಅದು ಇದೇ ಗುಡ್ಡಗಳ ಕಲ್ಲು. ಸುಮಾರು 543ರಿಂದ 8ನೆಯ ಶತಮಾನದ ನಡುವಿನವರೆಗೆ ಆಳಿದ ಬಾದಾಮಿ ಚಾಲುಕ್ಯರ ಕೆಲಸ ಬಹುಮಟ್ಟಿಗೆ ಇದರಲ್ಲೇ. ಕಪ್ಪು-ಹಸಿರು ಛಾಯೆಯ ನುಣುಪಾದ ಬಳಪದ ಕಲ್ಲು ಕಂಡರೆ ಅದು ಬಹುಮಟ್ಟಿಗೆ ಕಲ್ಯಾಣ ಚಾಲುಕ್ಯರ ಕಾಲದ್ದು, 10ನೆಯ ಶತಮಾನದ ಕೊನೆಯಿಂದ ಈಚಿನದು. ಇದು ಒಡೆಯಲಾಗದ ನಿಯಮವೇನಲ್ಲ. ಈಚಿನವರೂ ಮರಳುಗಲ್ಲು ಬಳಸಿದ್ದಾರೆ. ಅದಕ್ಕೇ ಎರಡನೆಯ ಗುರುತು ಬೇಕು.

2. ಒಡವೆ ನೋಡಿ. ಮರಳುಗಲ್ಲಿನ ಕಾಳು ಉದುರುತ್ತದೆ, ಅದರಲ್ಲಿ ಸೂಜಿಮೊನೆಯ ಕೆಲಸ ನಿಲ್ಲುವುದಿಲ್ಲ. ಹಾಗಾಗಿ ಹಳೆಯ ಚಾಲುಕ್ಯ ಮೂರ್ತಿಯಲ್ಲಿ ಸೌಂದರ್ಯವೆಲ್ಲ ಮೈಯ ಬಾಗಿನಲ್ಲಿ, ನಿಂತ ಭಂಗಿಯಲ್ಲಿರುತ್ತದೆ; ಹಾರ, ತೋಳಬಂದಿ ಕೆಲವೇ. ಬಳಪದ ಕಲ್ಲು ಹೊಸದಾಗಿ ತೆಗೆದಾಗ ಮೃದು, ಆಮೇಲೆ ಗಟ್ಟಿ. ಅದರಲ್ಲಿ ಮಣಿಮಣಿಯಾಗಿ ಬಿಡಿಸಿದ ಹಾರ, ಬೆರಳಿನ ಉಂಗುರ, ಹಿಂದೆ ಕೊರೆದ ಪ್ರಭಾವಳಿ ಎಲ್ಲವೂ ಬರುತ್ತವೆ. ವಿಷ್ಣುವಿನ ಪ್ರಭಾವಳಿಯಲ್ಲಿ ಪುಟ್ಟ ದಶಾವತಾರ ಕಂಡರೆ ನೀವು ಈಚಿನ ಕಾಲದಲ್ಲಿದ್ದೀರಿ.

3. ಹಿಂಬದಿ ನೋಡಿ. ಹಿಂದೆ ಒರಟಾಗಿ ಬಿಟ್ಟಿದ್ದರೆ ಆ ಕಲ್ಲು ಗೋಡೆಗೆ ಸೇರಿತ್ತು. ಕೆಳಗೆ ಗೂಟದಂತೆ ಚಾಚಿದ್ದರೆ ಪೀಠದ ಕುಳಿಯಲ್ಲಿ ಕೂರುತ್ತಿತ್ತು. ಈ ಒಂದು ಅಭ್ಯಾಸದಿಂದ ಅರ್ಧ ಕಲ್ಲುಗಳ ಮೂಲ ಜಾಗ ಗೊತ್ತಾಗುತ್ತದೆ.

ವೀರಗಲ್ಲು ಓದುವುದು

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಮೇಲಿನಿಂದ ಓದಿದರೆ ಕಥೆ ಹಿಂದುಮುಂದಾಗುತ್ತದೆ. ಕೆಳ ಪಟ್ಟಿಯಲ್ಲಿ ಕಾಳಗ. ಅಲ್ಲಿ ದನಗಳ ಸಾಲು ಇದ್ದರೆ ಅದು ತುರುಗೊಳ್, ಅಂದರೆ ದನ ಹಿಡಿದೊಯ್ಯುವವರನ್ನು ತಡೆದು ಸತ್ತವನ ಕಲ್ಲು. ನಡು ಪಟ್ಟಿಯಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಬಳಿ ಕುಳಿತಿರುತ್ತಾನೆ, ನೆತ್ತಿಯಲ್ಲಿ ಸೂರ್ಯ-ಚಂದ್ರ. ಲಿಂಗದ ಬದಲು ಜಿನನಿದ್ದರೆ ಆ ಮನೆತನ ಜೈನ. ಪಟ್ಟಿಗಳ ನಡುವಿನ ಕಿರಿದಾದ ಅಂಚನ್ನು ಬಿಡಬೇಡಿ. ಬರಹವಿದ್ದರೆ ಅಲ್ಲೇ ಇರುತ್ತದೆ, ಸತ್ತವನ ಹೆಸರು ಅಲ್ಲಿ ಸಿಗುತ್ತದೆ. ಕಂಬದಿಂದ ಹೊರಟ ಒಂದು ತೋಳು, ಬಳೆ ತೊಟ್ಟ ಕೈ, ಅದರಲ್ಲಿ ನಿಂಬೆಹಣ್ಣು ಕಂಡರೆ ಅದು ಮಾಸ್ತಿಗಲ್ಲು, ಅಂದರೆ ಗಂಡನ ಚಿತೆಯೇರಿದ ಹೆಂಗಸಿನ ಕಲ್ಲು.

ಒಂದು ಮಾತು: ಇವು ಸತ್ತವರ ನೆನಪಿನ ಕಲ್ಲುಗಳು. ಮಕ್ಕಳನ್ನು ಇವುಗಳ ಮೇಲೆ ಕೂರಿಸಿ ಫೋಟೊ ತೆಗೆಸಬೇಡಿ.

ಶಾಸನದ ಮುಂದೆ ಏನು ಮಾಡಬೇಕು

ಹಳಗನ್ನಡ ಲಿಪಿ ಓದಲು ಬಾರದವರೂ ಶಾಸನದಿಂದ ನಾಲ್ಕು ಸಂಗತಿ ತೆಗೆಯಬಹುದು. ಮೊದಲು ತಲೆಭಾಗದ ಚಿತ್ರ: ಲಿಂಗ, ನಂದಿ, ಹಸು-ಕರು, ಸೂರ್ಯ-ಚಂದ್ರ ಇದ್ದರೆ ಶೈವ ಗುಡಿಗೆ ಕೊಟ್ಟ ದಾನ, ಮುಕ್ಕೊಡೆಯ (ಒಂದರ ಮೇಲೊಂದು ಮೂರು ಕೊಡೆ) ಕೆಳಗೆ ಕುಳಿತ ಜಿನನಿದ್ದರೆ ಬಸದಿಯದು. ಸೂರ್ಯ-ಚಂದ್ರರ ಅರ್ಥ, ಅವರಿರುವ ತನಕ ಈ ದಾನ ನಡೆಯಲಿ ಎಂದು. ಎರಡನೆಯದು ಮೊದಲ ಪದ, ಹಲವು ಕಡೆ ‘ಸ್ವಸ್ತಿ’. ಆ ಎರಡು ಅಕ್ಷರಗಳ ಆಕಾರ ಗುರುತಾದರೆ ಉಳಿದ ಸಾಲುಗಳಲ್ಲಿ ಅದೇ ‘ಸ’, ‘ತ’ ಹುಡುಕುತ್ತ ಹೋಗಬಹುದು.

ಮೂರನೆಯದು ಕಾಲ. ಫಲಕದಲ್ಲಿ ಶಕ ವರ್ಷ ಕೊಟ್ಟಿದ್ದರೆ 78 ಕೂಡಿಸಿ. ಬಾದಾಮಿ ಕೋಟೆಯನ್ನು ಕಟ್ಟಿಸಿದ ವಿಷಯ ಹೇಳುವ ಒಂದನೆಯ ಪುಲಕೇಶಿಯ ಬಂಡೆ ಶಾಸನ ಶಕ 465, ಅಂದರೆ ಕ್ರಿ.ಶ. 543. ಮೂರನೆಯ ಗುಹೆಯಲ್ಲಿ ಚಾಲುಕ್ಯ ಮನೆತನದ ಮಂಗಲೇಶನ ಶಾಸನ ಶಕ 500, ಅಂದರೆ 578. ಐಹೊಳೆಯ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿ ಬರೆದದ್ದು ಶಕ 556, ಅಂದರೆ 634. ಶಕ ವರ್ಷ ಯುಗಾದಿಗೆ ಹೊರಳುತ್ತದೆ. ಆದ್ದರಿಂದ ಪುಷ್ಯ, ಮಾಘ, ಫಾಲ್ಗುಣದ ತಿಥಿ ಇದ್ದರೆ ಒಮ್ಮೊಮ್ಮೆ 79 ಕೂಡಿಸಬೇಕಾಗುತ್ತದೆ. ಪುಸ್ತಕಗಳಲ್ಲಿ ಒಂದೇ ಶಾಸನಕ್ಕೆ 634, 635 ಎಂದು ಎರಡು ಇಸವಿ ಕಾಣುವುದು ಇದಕ್ಕೇ.

ನಾಲ್ಕನೆಯದು ಭಾಷೆಯ ಗುರುತು. ಫಲಕದಲ್ಲಿ ಶಾಸನ ಪಾಠ ಕೊಟ್ಟಿದ್ದರೆ ನಾವೀಗ ‘ಹ’ ಹೇಳುವಲ್ಲಿ ‘ಪ’ ಇದೆಯೇ ನೋಡಿ: ಹಾಲಿಗೆ ಪಾಲ್, ಹೆಸರಿಗೆ ಪೆಸರ್. ‘ಪ’ಗಳೇ ತುಂಬಿದ್ದರೆ ಹಳೆಯದು, ‘ಹ’ ನುಸುಳಿದ್ದರೆ ಈಚಿನದು. ಭೂಮಿಯ ಅಳತೆ ‘ಮತ್ತರ್’, ಹಣ ‘ಗದ್ಯಾಣ’ ಎಂದು ಬರುತ್ತವೆ. ಕೊನೆಯಲ್ಲಿ, ಈ ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ (ಹಸು) ಕೊಂದ ಪಾಪ ಬರಲಿ ಎಂಬ ಶಾಪ ಸಾಮಾನ್ಯ.

ಅಕ್ಷರ ಕಾಣದಿದ್ದರೆ ಎದುರಿಗೆ ನಿಲ್ಲುವುದನ್ನು ಬಿಟ್ಟು ಬದಿಗೆ ಸರಿಯಿರಿ. ಬೆಳಕು ಓರೆಯಾಗಿ ಬಿದ್ದಾಗ ಪ್ರತಿ ಗೀರಿನಲ್ಲೂ ನೆರಳು ನಿಲ್ಲುತ್ತದೆ. ನೇರ ಬೆಳಕಿನಲ್ಲಿ ಆ ನೆರಳು ಅಳಿಸಿಹೋಗುತ್ತದೆ. ಸೀಮೆಸುಣ್ಣ ತಿಕ್ಕುವುದು, ನೀರು ಚಿಮುಕಿಸುವುದು, ಎಣ್ಣೆ ಸವರುವುದು ಮಾಡಲೇಬೇಡಿ. ಮರಳುಗಲ್ಲು ತೇವ ಹೀರುತ್ತದೆ. ಒಣಗುವಾಗ ಒಳಗಿನ ಲವಣ ಹೊರಬಂದು ಪದರವನ್ನೇ ಎಬ್ಬಿಸುತ್ತದೆ. ಸಾವಿರದ ಮುನ್ನೂರು ವರ್ಷ ಉಳಿದ ಅಕ್ಷರ ನಮ್ಮ ಕೈಯಲ್ಲಿ ಉದುರಬಾರದು.

ಒಳಗಿನ ಕೋಣೆಗಳು

ಒಳಗೆ ಶಿವ, ವಿಷ್ಣುವಿನ ನಾನಾ ರೂಪ, ಗಣಪತಿ, ಭಾಗವತದ ಪ್ರಸಂಗಗಳ ಪಟ್ಟಿಕೆ, ಗುಡಿಗಳ ಭಾಗಗಳು ಇವೆ. ಹೆಸರಿನ ಫಲಕ ಓದುವ ಮುನ್ನ ನೀವೇ ಗುರುತಿಸಲು ಯತ್ನಿಸಿ. ಮುಖದಿಂದ ಶುರುಮಾಡಬೇಡಿ; ಮುಖಗಳೇ ಹೆಚ್ಚು ಸವೆದಿರುತ್ತವೆ. ಕೈಯಲ್ಲಿ ಏನಿದೆ, ಕಾಲ ಬಳಿ ಯಾವ ವಾಹನವಿದೆ ಎಂಬ ಕ್ರಮ ಒಳ್ಳೆಯದು. ಕೈ ಮುರಿದಿದ್ದರೆ ಭುಜದ ಮೇಲ್ಭಾಗ ನೋಡಿ, ಶಂಖ-ಚಕ್ರದ ಅಚ್ಚು ಹಿಂಬದಿ ಕಲ್ಲಿಗೆ ಅಂಟಿ ಉಳಿದಿರುತ್ತದೆ. ಏಳು ಹೆಂಗಸರ ಸಾಲು, ಒಂದು ತುದಿಗೆ ಗಣಪತಿ, ಇನ್ನೊಂದು ತುದಿಗೆ ವೀರಭದ್ರ ಇದ್ದರೆ ಸಪ್ತಮಾತೃಕೆಯರು. ಪೀಠದ ಮೇಲಿನ ಹಂಸ, ನಂದಿ, ನವಿಲು, ಗರುಡ, ಆನೆಗಳಿಂದ ಯಾರು ಯಾರೆಂದು ಹೇಳಬಹುದು.

ಫಲಕದಲ್ಲಿ ಮೂರ್ತಿಯ ಹೆಸರಿಗಿಂತ ಊರಿನ ಹೆಸರು ಮುಖ್ಯವೆಂದು ನಮ್ಮ ಅಭಿಪ್ರಾಯ. ನೋಟ್‌ಬುಕ್ಕಿನಲ್ಲಿ ಕಲ್ಲಿಗೊಂದು ಸಾಲು ಬರೆಯಿರಿ: ಏನು, ಯಾವ ಊರಿನದು, ಯಾವ ಶತಮಾನ, ಯಾವ ಬಣ್ಣದ ಕಲ್ಲು. ಹನ್ನೆರಡು ಕಲ್ಲು ಸಾಕು. ಎಲ್ಲವನ್ನೂ ಬರೆಯಲು ಹೋದವರು ನಡುವೆ ಬೇಸತ್ತು ಬಿಡುತ್ತಾರೆ.

ಲಜ್ಜಾಗೌರಿಗೆ ಪೂರಾ ಹತ್ತು ನಿಮಿಷ ಕೊಡಿ. ನಾಗನಾಥಕೊಳ್ಳದಿಂದ ಬಂದ ಮೂರ್ತಿ ಇದು. ತಲೆಯ ಜಾಗದಲ್ಲಿ ಅರಳಿದ ತಾವರೆ, ಹೆರಿಗೆಯ ಹೆಣ್ಣಿನಂತೆ ಎರಡೂ ಕಡೆ ಮಡಚಿದ ಕಾಲು. ಕೆಲವರು ನಾಚಿ ದಾಟಿಹೋಗುತ್ತಾರೆ, ಶಾಲೆಯ ಮಕ್ಕಳನ್ನು ಮೇಷ್ಟ್ರುಗಳೇ ಮುಂದೆ ಅಟ್ಟುವುದುಂಟು. ಮಕ್ಕಳಿಗೆ ನೇರವಾಗಿ ಹೇಳಿ: ಮಳೆ, ಬೆಳೆ, ಬಸಿರು ಬೇಡಿ ಜನ ಪೂಜಿಸಿದ ತಾಯಿ ಇವಳು. ಐಹೊಳೆಯ ಕಡೆ ಸಿದ್ದನಕೊಳ್ಳದಲ್ಲಿ ಲಜ್ಜಾಗೌರಿಗೆ ಇಂದಿಗೂ ಪೂಜೆ ನಡೆಯುತ್ತದೆ, ಮಕ್ಕಳಿಲ್ಲದವರು ಹರಕೆ ಹೊರುತ್ತಾರೆ. ಇಲ್ಲಿ ಕೋಣೆಯಲ್ಲಿರುವ ಮೂರ್ತಿಗೂ ಎಣ್ಣೆ, ಅರಿಸಿನ, ಕುಂಕುಮ ಏರಿದ ದಿನಗಳಿದ್ದವು ಎಂಬುದನ್ನು ನೆನೆದು ನೋಡಿದರೆ ನೋಟವೇ ಬೇರೆಯಾಗುತ್ತದೆ.

ಇನ್ನೊಂದು ಕೋಣೆಯಲ್ಲಿ ಸಿಡಿಲಪಡಿಯ ಮಾದರಿಯಿದೆ. ಬಾದಾಮಿಯ ಹತ್ತಿರ ಪೊದೆಗಾಡಿನ ನಡುವೆ ಇರುವ ಈ ಬಂಡೆಯಾಸರೆಯಲ್ಲಿ ಇತಿಹಾಸಪೂರ್ವ ಜನ ಬರೆದ ಚಿತ್ರಗಳಿವೆ. ನಿಜವಾದ ಜಾಗಕ್ಕೆ ಹೋಗಲು ದಾರಿ ಗೊತ್ತಿರುವ ಊರಿನವರು ಜೊತೆಗಿರಬೇಕು, ಕಾಲುದಾರಿ ಕವಲೊಡೆಯುತ್ತ ಹೋಗುತ್ತದೆ. ಮಾದರಿಯ ಪಕ್ಕದ ಕಲ್ಲಿನ ಆಯುಧಗಳನ್ನು ಸಾಮಾನ್ಯ ಕಲ್ಲಿನಿಂದ ಬೇರ್ಪಡಿಸುವ ಗುರುತು ಕಲಿತುಕೊಳ್ಳಿ: ಎರಡೂ ಮುಖದಲ್ಲಿ ಚಕ್ಕೆ ಎಬ್ಬಿಸಿದ ಬಟ್ಟಲಂಥ ಗಾಯಗಳು, ಆ ಗಾಯಗಳು ಕೂಡುವಲ್ಲಿ ಹರಿತ ಅಂಚು, ಅಂಗೈಗೆ ಕೂರುವ ದಪ್ಪ ಬುಡ. ಇದಕ್ಕೆ ಮರಳುಗಲ್ಲು ಸಾಲದು, ಗಟ್ಟಿಯಾದ ಕ್ವಾರ್ಟ್‌ಜೈಟ್ ಕಲ್ಲೇ ಬೇಕು. ಮಲಪ್ರಭೆಯ ದಂಡೆಯಲ್ಲಿ ಇಂಥದು ಕಂಡರೆ ಎತ್ತಿಕೊಳ್ಳಬೇಡಿ. ಬಿದ್ದ ಜಾಗದಿಂದ ಕದಲಿಸಿದರೆ ಅದು ಯಾವ ಪದರದ್ದೆಂದು ಹೇಳುವ ಸಾಕ್ಷಿ ಹೋಗುತ್ತದೆ. ಇದ್ದಲ್ಲೇ ಫೋಟೊ ತೆಗೆದು ವಸ್ತುಸಂಗ್ರಹಾಲಯದವರಿಗೆ ತೋರಿಸಿ.

ಈಗ ಗುಡ್ಡಕ್ಕೆ

ವಸ್ತುಸಂಗ್ರಹಾಲಯದ ಪಕ್ಕದಿಂದಲೇ ಬಂಡೆಗಳ ಸೀಳಿನಲ್ಲಿ ಮೆಟ್ಟಿಲು ಕೋಟೆಗೆ ಏರುತ್ತವೆ. ಕೆಳಗಿನ ಶಿವಾಲಯ, ಮೇಲಿನ ಶಿವಾಲಯ ಈ ದಾರಿಯಲ್ಲಿವೆ. ನೋಟ್‌ಬುಕ್ ತೆಗೆಯಿರಿ. ಒಳಗೆ ಬಿಡಿಯಾಗಿ ಕಂಡ ಪಟ್ಟಿಕೆ ಇಲ್ಲಿ ಗೋಡೆಯ ಬುಡದಲ್ಲೋ ಕಂಬದ ತಲೆಯಲ್ಲೋ ಇರುವುದು ಕಾಣುತ್ತದೆ. ಬೇರೆ ಬಂಡೆಯ ಮೇಲಿರುವ ಮಾಲೆಗಿತ್ತಿ ಶಿವಾಲಯದಲ್ಲಿ ದ್ವಾರಪಾಲಕರು ಬಾಗಿಲ ಎರಡೂ ಬದಿಗೆ ತಮ್ಮ ಜಾಗದಲ್ಲೇ ನಿಂತಿದ್ದಾರೆ. ಅಂಗಳದ ಒಂಟಿ ದ್ವಾರಪಾಲಕ ಯಾವ ಕಡೆಯವನೆಂದು ಅವರನ್ನು ನೋಡಿ ತಿಳಿಯಬಹುದು. ತಲೆ, ಸೊಂಟ ಬಾಗಿಲ ಕಡೆಗೆ ತಿರುಗಿರುತ್ತವೆ. ಮೆಟ್ಟಿಲು ಮಳೆಯಲ್ಲಿ ಜಾರುತ್ತವೆ, ಅಂಚಿಗೆ ಎಲ್ಲೆಡೆ ಕಂಬಿಯಿಲ್ಲ. ಹತ್ತಲಾಗದ ಹಿರಿಯರು ಕೆರೆಯ ದಂಡೆ ಹಿಡಿದು ಭೂತನಾಥದ ಕಡೆ ನಡೆಯಲಿ, ದಾರಿ ಬಹುಮಟ್ಟಿಗೆ ಸಮತಟ್ಟು.

ಬಳಪದ ಕಲ್ಲಿನ ಕಾಲದವರು ಗುಡಿ ಹೇಗೆ ಕಟ್ಟುತ್ತಿದ್ದರು ಎಂದು ತಿಳಿಯಲು ಕೆರೆಯ ದಂಡೆಯ ಎಲ್ಲಮ್ಮನ ಗುಡಿಗೆ ಹೋಗಿ. ಶಾಸನ ಓದುವ ಹುರುಪು ಹತ್ತಿದವರಿಗೆ ಎರಡು ಬಂಡೆಗಳಿವೆ. ಕೆರೆಯ ಈಶಾನ್ಯಕ್ಕೆ ತಟ್ಟುಕೋಟೆ ಕಡೆಯ ಬಂಡೆಯಲ್ಲಿ ಸುಮಾರು 700ರ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ಅತಿ ಹಳೆಯ ತ್ರಿಪದಿ ಅದರಲ್ಲಿದೆ: ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’. ಬಂಡೆಯ ಮುಂದೆ ನಿಂತು ಗಟ್ಟಿಯಾಗಿ ಹೇಳಿ ನೋಡಿ, ಬೀಸುಕಲ್ಲಿನ ಹಾಡಿನ ನಡೆ ಕೇಳಿಸುತ್ತದೆ. ಇನ್ನೊಂದು, ತೆಗ್ಗಿನ ಈರಪ್ಪನ ಗುಡಿಯ ಹಿಂದಿನ ಬಂಡೆ. 642ರ ಸುಮಾರಿಗೆ ವಾತಾಪಿಯನ್ನು (ಬಾದಾಮಿಯ ಹಳೆಯ ಹೆಸರು) ಗೆದ್ದ ಪಲ್ಲವ ನರಸಿಂಹವರ್ಮ ಬರೆಸಿದ ಶಾಸನ ಅದರ ಮೇಲಿದೆ, ಬಹಳ ಸವೆದಿದೆ. ಗೆದ್ದವನ ಬರಹವೂ ಸೋತವರ ಊರಿನಲ್ಲೇ ಉಳಿದಿದೆ.

ಗುಂಪು ಕರೆತರುವವರಿಗೆ

ಐವತ್ತು ಮಕ್ಕಳನ್ನು ಒಟ್ಟಿಗೆ ಒಳಗೆ ಬಿಟ್ಟರೆ ಯಾರಿಗೂ ಏನೂ ಕಾಣುವುದಿಲ್ಲ. ಹತ್ತು ಹತ್ತರ ತಂಡ ಮಾಡಿ. ಎರಡು ತಂಡ ಒಳಗೆ, ಎರಡು ಅಂಗಳದಲ್ಲಿ, ಒಂದು ನೆರಳಿನಲ್ಲಿ ಬರೆಯಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಿಸಿ. ಪ್ರತಿ ತಂಡಕ್ಕೂ ಹುಡುಕುವ ಕೆಲಸ ಕೊಡಿ: ದನ ಇರುವ ವೀರಗಲ್ಲು ಯಾವುದು, ಸೂರ್ಯ-ಚಂದ್ರ ಎಷ್ಟು ಕಲ್ಲಿನಲ್ಲಿವೆ, ನಂದಿ ಎಲ್ಲೆಲ್ಲಿದೆ. ಗೈಡ್ ಗೊತ್ತುಮಾಡುವಾಗ ವಸ್ತುಸಂಗ್ರಹಾಲಯವೂ ಸೇರಿದೆಯೇ ಎಂದು ಮೊದಲೇ ಮಾತಾಡಿಕೊಳ್ಳಿ. ಬರೀ ಗುಹೆ ತೋರಿಸಿ ಮುಗಿಸುವುದು ವಾಡಿಕೆ.

ಮರುದಿನ

ಬಿಡುವಿದ್ದರೆ ಪಟ್ಟದಕಲ್ಲು ದಾರಿಯಾಗಿ ಐಹೊಳೆಗೆ ಹೋಗಿ. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆ ಸುಮಾರು 13 ಕಿ.ಮೀ. ಸಂಜೆಯ ಬಸ್ಸುಗಳು ವಿರಳ, ವಾಪಸಿನ ವೇಳೆ ಇಳಿದಾಗಲೇ ಕೇಳಿಟ್ಟುಕೊಳ್ಳಿ. ಐಹೊಳೆಯ ವಸ್ತುಸಂಗ್ರಹಾಲಯ ದುರ್ಗ ಗುಡಿಯ ಆವರಣದಲ್ಲಿದೆ. ಊರು ಮತ್ತು ಸುತ್ತಲ ನೆಲದ ದೊಡ್ಡ ಮಾದರಿಯೊಂದು ಅಲ್ಲಿದೆ. ಗುಡಿಗಳನ್ನು ಸುತ್ತುವ ಮೊದಲೇ ಅದನ್ನು ನೋಡಿ, ಯಾವುದು ಎಲ್ಲಿದೆ ಎಂದು ಗೊತ್ತಾಗಿ ಅಲೆದಾಟ ತಪ್ಪುತ್ತದೆ.

ಬಾದಾಮಿಯ ಹತ್ತಿರದ ಮಹಾಕೂಟಕ್ಕೂ ಹೋಗುವವರು ಅಲ್ಲಿ ಮಂಗಲೇಶನ ಶಾಸನ ಕಂಬವನ್ನು ಹುಡುಕಿ ನಿರಾಶರಾಗುತ್ತಾರೆ. ಕ್ರಿ.ಶ. 600ರ ಆಸುಪಾಸಿನ ಆ ಕಂಬ ಈಗ ವಿಜಯಪುರದಲ್ಲಿದೆ, ಗೋಳಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ. ಮೊದಲು ಅದರ ಊರಾದ ಮಹಾಕೂಟವನ್ನು ಕಣ್ಣುತುಂಬ ನೋಡಿಕೊಂಡು, ಆಮೇಲೆ ವಿಜಯಪುರಕ್ಕೆ ಹೋಗಿ ಕಂಬವನ್ನು ನೋಡಿ. ಐಹೊಳೆಯಂತೆ ಅಲ್ಲಿಯೂ ಶುಕ್ರವಾರ ರಜೆ.